ಮೊದಲು ಮೊಟ್ಟೆ

ಹನ್ನೊಂದೂವರೆಗೆ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ
ಟಿಕೆಟ್ ಮಿಷನ್ ಬದಿಗಿಟ್ಟು ಡಬ್ಬಿ ಬಿಚ್ಚುತ್ತೇನೆ.
ಮೊದಲು ಮೊಟ್ಟೆ. ಹಳದಿ ಸಮೇತ ಎರಡು.
ಆಮೇಲೆ ಮೊಳಕೆ ಹುರುಳಿಯ ಪಲ್ಯ.
ಆಮೇಲೆ, ಜಾಗ ಉಳಿದರೆ,
ಅನ್ನ.

ಜಾಗ ಉಳಿಯುವುದು ಕಡಿಮೆ. ಉಪಾಯವೇ ಅದು.

ಒಂಬತ್ತು ವರ್ಷದ ಹಿಂದೆ ಮಣಿಪಾಲದಲ್ಲಿ
ನನ್ನ ಹೊಟ್ಟೆಯನ್ನು ಕತ್ತರಿಸಿ
ಒಂದು ಬಾಳೆಕಾಯಿಯಷ್ಟು ಉಳಿಸಿ ಹೊಲಿದರು,
ಸಡಿಲ ರವಿಕೆಯನ್ನು ಒಳಗೆ ಹಿಡಿದ ಹಾಗೆ.
ಮಿಕ್ಕ ಬಟ್ಟೆ ಏನಾಯಿತೆಂದು ನಾನು ಕೇಳಲಿಲ್ಲ.
ಟೈಲರನನ್ನೂ ಯಾರೂ ಕೇಳುವುದಿಲ್ಲ.

ಆ ವರ್ಷ ನಲವತ್ತೆಂಟು ಕಿಲೋ ಇಳಿದೆ.
ಬಸ್ಸಿನ ನಡುದಾರಿಯಲ್ಲಿ ಅಡ್ಡ ತಿರುಗದೆ ನಡೆದೆ.
ಕೂದಲು ಉದುರಿತು, ಉದುರಲಿ ಎಂದೆ.
ಡಿಪೋ ಗೇಟಿನವನು, ಹತ್ತು ವರ್ಷ ನೋಡಿದವನೇ,
‘ಯಾರಮ್ಮಾ ನೀನು’ ಅಂದ.
ಅದನ್ನು ಬಹಳ ದಿನ ಜಗಿದೆ.

ಐದನೇ ವರ್ಷ ಹಸಿವು ವಾಪಸು ಬಂತು,
ಜಗಳವಾಡಿ ಊರು ಬಿಟ್ಟ ನೆಂಟನ ಹಾಗೆ,
ಗಂಟುಮೂಟೆ ಸಮೇತ.
ಆಗ ತಿಳಿಯಿತು ಒಳಗಿನ ರೂಟು.
ಕೋಳಿ ತುಂಡು ಟಿಕೆಟ್ ತಗೊಂಡು
ಸೀಟು ಹಿಡಿದು ಕೂರುವ ಪ್ಯಾಸೆಂಜರು,
ತಾಸುಗಟ್ಟಲೆ ಏಳುವುದಿಲ್ಲ.
ಮಂಡಕ್ಕಿ, ಬಿಸ್ಕತ್ತು, ಮೆತ್ತಗಿನ ಅನ್ನ
ಫುಟ್‌ಬೋರ್ಡಿನ ಹುಡುಗರು:
ಹತ್ತಿದ್ದೂ ಗೊತ್ತಾಗದು, ಇಳಿದದ್ದೂ,
ಹೋಗುವಾಗ ಇನ್ನೂ ಹತ್ತು ಜನರನ್ನು ಕರೆಯುತ್ತವೆ.

ಹನ್ನೊಂದು ಕಿಲೋ ಹೀಗೆ ಫುಟ್‌ಬೋರ್ಡಿನಲ್ಲೇ ಬಂತು.

ಹೆದರಿ ಅನ್ನ ಪೂರ್ತಿ ಬಿಟ್ಟೆ.
ಪೌಡರು, ಮೊಟ್ಟೆ, ಮೀನು, ಮತ್ತೆ ಪೌಡರು.
ಇಪ್ಪತ್ತನೇ ದಿನ ಗಾಜನೂರು ದಾಟಿದ ಮೇಲೆ
ಚಿಲ್ಲರೆ ಎಣಿಸುತ್ತಿದ್ದವಳಿಗೆ ರೂಪಾಯಿಗಳೆಲ್ಲ ಕಪ್ಪಾದವು.
ಡ್ರೈವರ್ ಇನಾಸ ಬಸ್ಸು ನಿಲ್ಲಿಸಿ
ಕಿತ್ತಳೆಯ ತೊಳೆಗಳನ್ನು ಒಂದೊಂದಾಗಿ ಬಾಯಿಗಿಟ್ಟ.
ಮೂವತ್ತೆಂಟು ಜನ ನೋಡುತ್ತಿದ್ದರು.

ದುರ್ಗಿಗುಡಿಯ ನಸೀಮಾ ಮೇಡಂ ಬೈದರು:
‘ಅನ್ನ ಶತ್ರು ಅಲ್ಲ ರೀ, ಅವಸರದವನು ಅಷ್ಟೆ.
ಕೆಳಗಿಳಿಸಿದರೆ ರಾತ್ರಿ ಹಿಂದೆ ಓಡಿ ಬರುತ್ತಾನೆ.
ಹತ್ತಿಸಿಕೊಳ್ಳಿ. ಕೊನೇ ಸೀಟು ಕೊಡಿ.’

ಅವ್ವನಿಗೆ ಇದು ಅರ್ಥವಾಗುವುದಿಲ್ಲ.
‘ಊಟ ಆಯ್ತಾ?’ ಫೋನಿನಲ್ಲಿ ದಿನಾ ಒಂದೇ ಮಾತು.
ಎರಡು ಮೊಟ್ಟೆ ಒಂದು ಬಟ್ಟಲು ಕಾಳು ತಿಂದು ‘ಆಯ್ತು’ ಅಂದರೆ
‘ಅದು ತಿಂಡಿ ಕಣೇ, ಊಟ ಯಾವಾಗ?’
ನಮ್ಮ ಕಡೆ ಅನ್ನ ಮುಟ್ಟದ ಹೊತ್ತಿಗೆ ಹೆಸರಿಲ್ಲ.

ಮೊನ್ನೆ ಗಾಜನೂರಿನಲ್ಲಿ ಒಬ್ಬಳು ಹತ್ತಿದಳು,
ಹತ್ತೊಂಬತ್ತೋ ಇಪ್ಪತ್ತೋ.
ಕಿಟಕಿಗೆ ಒತ್ತಿ ಒತ್ತಿ ಕೂತಳು.
ನಿಂತವರು ಆರು ಜನ; ಅವಳ ಪಕ್ಕ ಯಾರೂ ಕೂರಲಿಲ್ಲ.
ಹೆಂಗಸರಿಗೆ ಸೊನ್ನೆ ಟಿಕೆಟ್ಟು.
ಅವಳು ಆಧಾರ್ ಜೊತೆಗೆ ನೂರರ ನೋಟು ಚಾಚಿದಳು.
‘ಇದು ಯಾರಿಗೆ?’
‘ಪಕ್ಕದ ಸೀಟಿಗೆ, ಅಕ್ಕಾ.’

ಆ ನೋಟು ನನಗೆ ಗೊತ್ತು.
ಒಂದು ಕಾಲದಲ್ಲಿ ನಾನೂ ಅದನ್ನು ಮಡಿಸಿ
ಬೆವರಿದ ಅಂಗೈಯಲ್ಲಿ ಹಿಡಿದು ಹತ್ತುತ್ತಿದ್ದೆ.

ನೋಟು ವಾಪಸು ಕೊಟ್ಟೆ.
ಲೆಕ್ಕ ಬರೆಯುವ ನೆಪದಲ್ಲಿ ನಾನೇ ಕೂತೆ, ತೊಡೆಗೆ ತೊಡೆ ತಾಗಿ.
ಆಪರೇಷನ್ ವಿಷಯ ಎತ್ತಲಿಲ್ಲ.
ಅವಳು ಕೇಳಿರಲಿಲ್ಲ.
ಬ್ಯಾಗಿನಿಂದ ಕೋಡುಬಳೆ ತೆಗೆದಳು, ಹಿಂಜರಿದಳು,
ಅರ್ಧ ಮುರಿದು ನನಗೆ ಕೊಟ್ಟಳು.

ಅಕ್ಕಿಹಿಟ್ಟು. ಎಣ್ಣೆ. ನಸೀಮಾ ಮೇಡಂ, ಕ್ಷಮಿಸಿ,
ಮೊಟ್ಟೆ ಇನ್ನೂ ಡಬ್ಬಿಯಲ್ಲೇ ಇತ್ತು.

ಕಲಿಸಿದ ಹಾಗೆ ಒಂದೊಂದು ಚೂರನ್ನೂ
ಮೂವತ್ತು ಸಲ ಅಗಿದೆ.
‘ಅಷ್ಟು ನಿಧಾನಾನಾ?’ ನಕ್ಕಳು.
ಮಂಡಗದ್ದೆಯ ನಡುಗಡ್ಡೆಯ ತುಂಬ
ಮೀನು ಬಿಟ್ಟು ಬೇರೇನೂ ಮುಟ್ಟದ ಬೆಳ್ಳಕ್ಕಿಗಳು ಕಾಣುವವರೆಗೆ
ಆ ಅರ್ಧ ಕೋಡುಬಳೆ
ನನ್ನ ಬಾಯಲ್ಲೇ ಇತ್ತು.